ಅಪ್ಪನ ಸಾಲ, ಮಗಳ ಸಂಬಳ: ಹೊಣೆ ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತದೆ?

ಮೊದಲ ಕೆಲಸಕ್ಕೆ ಸೇರಿ ಮೂರು ನಾಲ್ಕು ಸಂಬಳ ಕೈಗೆ ಬಂದಿರುವ ಹೊತ್ತಿನಲ್ಲಿ ಊರಿನಿಂದ ಒಂದು ಫೋನ್ ಬರುತ್ತದೆ. ಅಪ್ಪ ಊಟ ಆಯಿತೇ ಎಂದು ಕೇಳುತ್ತಾರೆ, ಮಳೆಯ ಸಮಾಚಾರ ಹೇಳುತ್ತಾರೆ, ಇನ್ನೇನು ಮಾತು ಮುಗಿಯಿತು ಎನ್ನುವಾಗ ದನಿ ತಗ್ಗಿಸಿ, "ಒಂದಿಪ್ಪತ್ತು ಸಾವಿರ ಇದ್ರೆ ಹಾಕಮ್ಮ, ಬರೋ ತಿಂಗಳು ಕೊಟ್ಬಿಡ್ತೀನಿ" ಎನ್ನುತ್ತಾರೆ. ಬರುವ ತಿಂಗಳು ಆ ಹಣ ಬರುವುದಿಲ್ಲ, ಇನ್ನೊಂದು ಫೋನ್ ಬರುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಯಾರೋ ಕರೆ ಮಾಡಿ, "ನಿಮ್ಮ ತಂದೆಯವರು ಮೂರು ಕಂತು ಕಟ್ಟಿಲ್ಲ, ನೀವು ಮಗಳಲ್ಲವೇ, ನೀವೇ ಕಟ್ಟಬೇಕು" ಎನ್ನುತ್ತಾರೆ. ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಈ ಕರೆಗೆ ಏನು ಉತ್ತರ ಕೊಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮನೆಯ ಮರ್ಯಾದೆಯ ಪ್ರಶ್ನೆಯಾದ್ದರಿಂದ ಸ್ನೇಹಿತರಲ್ಲಿ ಕೇಳುವಂತೆಯೂ ಇರುವುದಿಲ್ಲ. ಈ ಸ್ಥಿತಿಯಲ್ಲಿರುವ ಗಂಡುಮಕ್ಕಳು, ಹೆಣ್ಣುಮಕ್ಕಳು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಅವರು ಮೊದಲು ತಿಳಿಯಬೇಕಾದ ಸಂಗತಿಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಎರಡು ಹೊಣೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ತಂದೆ ತಾಯಿಯನ್ನು ಸಾಕುವುದು ಒಂದು ಹೊಣೆ, ಅವರು ಮಾಡಿದ ಸಾಲವನ್ನು ತೀರಿಸುವುದು ಇನ್ನೊಂದು. ನಮ್ಮ ಮನೆಗಳಲ್ಲಿ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಕ್ಕಳ ಹೆಗಲಿಗೆ ಹೇರುತ್ತಾರೆ. ಕಾನೂನು ಮಾತ್ರ ಇವನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ.

ಕಾನೂನಿನಲ್ಲಿ ಮಕ್ಕಳ ಹೊಣೆ

ತಂದೆಯ ಸಾಲ ಮಗನ ತಲೆಗೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಸಾಲ ಉಳಿಸಿಕೊಂಡು ಸತ್ತವನಿಗೆ ಸದ್ಗತಿಯಿಲ್ಲ ಎಂಬ ನಂಬಿಕೆಯ ಮೇಲೆ, ತಂದೆಯ ಋಣವನ್ನು ತೀರಿಸುವುದು ಮಗನ ಧಾರ್ಮಿಕ ಕರ್ತವ್ಯ ಎಂಬ ತತ್ತ್ವ ಹಿಂದೂ ಕಾನೂನಿನಲ್ಲಿ ಬಹುಕಾಲ ನಡೆದುಕೊಂಡು ಬಂದಿತ್ತು, ನ್ಯಾಯಾಲಯಗಳೂ ಅದನ್ನು ಮಾನ್ಯ ಮಾಡುತ್ತಿದ್ದವು. ಆಗಲೂ ಅದಕ್ಕೆ ಎಲ್ಲೆಯಿತ್ತು. ಜೂಜು, ಕುಡಿತದಂಥ ಕಾರಣಕ್ಕೆ ಮಾಡಿದ ಸಾಲವನ್ನು 'ಅವ್ಯಾವಹಾರಿಕ' ಎಂದು ಹೊರಗಿಡುತ್ತಿದ್ದರು. ಹೊಣೆ ಬಂದರೂ ಅದು ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗನಿಗಿದ್ದ ಪಾಲಿಗೆ ಸೀಮಿತವಾಗಿರುತ್ತಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಈ ತತ್ತ್ವಕ್ಕೇ ತೆರೆ ಎಳೆಯಿತು. 2005ರ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲದ ವಿಚಾರದಲ್ಲಿ, ಕೇವಲ ಧಾರ್ಮಿಕ ಕರ್ತವ್ಯವೆಂಬ ಆಧಾರದ ಮೇಲೆ ಮಗ, ಮೊಮ್ಮಗ ಅಥವಾ ಮರಿಮಗನಿಂದ ವಸೂಲಿ ಮಾಡುವ ಹಕ್ಕನ್ನು ಯಾವ ನ್ಯಾಯಾಲಯವೂ ಮಾನ್ಯ ಮಾಡುವಂತಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ 6ನೇ ಕಲಮಿನಲ್ಲೇ ಈ ಮಾತೂ ಇದೆ. ಸಮಪಾಲಿನ ಸುದ್ದಿ ಹಳ್ಳಿಹಳ್ಳಿಗೂ ತಲುಪಿತು. ಸಾಲದ ಬಗ್ಗೆ ಅದೇ ಕಲಮು ಹೇಳಿದ್ದು ಮಾತ್ರ ಹೆಚ್ಚಿನವರ ಕಿವಿಗೆ ಬೀಳಲಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಇನ್ನೊಂದು ಕಡೆ, ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯು, ತಮ್ಮನ್ನು ತಾವು ಸಾಕಿಕೊಳ್ಳಲಾರದ ತಂದೆ ತಾಯಿಗೆ ಅನ್ನ, ಬಟ್ಟೆ, ವಸತಿ, ಔಷಧೋಪಚಾರ ಒದಗಿಸುವುದು ಮಕ್ಕಳ ಕರ್ತವ್ಯ ಎನ್ನುತ್ತದೆ. ತಪ್ಪಿದರೆ ಉಪವಿಭಾಗಾಧಿಕಾರಿಗಳ ಮುಂದಿರುವ ನ್ಯಾಯಮಂಡಳಿಗೆ ಹೋಗಿ ಜೀವನಾಂಶ ಕೇಳುವ ಹಕ್ಕು ಪೋಷಕರಿಗಿದೆ. ಅಪ್ಪನ ಊಟ, ಅಮ್ಮನ ಬಿಪಿ ಮಾತ್ರೆ ಹೀಗೆ ಮಗಳ ಹೊಣೆಯೊಳಗೆ ಬರುತ್ತವೆ. ಅಪ್ಪನ ಕ್ರೆಡಿಟ್ ಕಾರ್ಡ್ ಬರುವುದಿಲ್ಲ.

ಆದರೆ ಒಂದು ಸಹಿ ಇದನ್ನೆಲ್ಲ ತಲೆಕೆಳಗು ಮಾಡಬಲ್ಲದು. ಸಾಲದ ಅರ್ಜಿಯಲ್ಲಿ ಸಹ-ಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಹಾಕಿದ್ದರೆ ಆ ಸಾಲ ನಮ್ಮದೇ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ವಿಸ್ತಾರವಾದದ್ದು. ಬ್ಯಾಂಕು ಮೊದಲು ಅಪ್ಪನನ್ನು ಕೇಳಿ, ಅವರಿಂದ ಆಗದಿದ್ದಾಗ ಮಾತ್ರ ನಮ್ಮ ಬಳಿ ಬರಬೇಕೆಂಬ ನಿಯಮವಿಲ್ಲ, ನೇರವಾಗಿ ನಮ್ಮನ್ನೇ ಕೇಳಬಹುದು. "ಬರೀ ಫಾರ್ಮಾಲಿಟಿ, ಇಲ್ಲೊಂದು ಸೈನ್ ಹಾಕು" ಎಂದು ಮನೆಯವರು ಹೇಳುವುದು ಇಂಥ ಕಾಗದವನ್ನೇ. ಪತ್ರಕ್ಕೆ ಸಾಕ್ಷಿಯಾಗಿ ಹಾಕಿದ ಸಹಿಗೆ ಈ ಹೊಣೆಯಿಲ್ಲ. ಅರ್ಜಿಯಲ್ಲಿ 'ರೆಫರೆನ್ಸ್' ಎಂದು ನಮ್ಮ ಫೋನ್ ನಂಬರ್ ಬರೆದಿದ್ದರೂ ಹೊಣೆಯಿಲ್ಲ. ವಸೂಲಿಯವರು ಮೊದಲು ಕರೆ ಮಾಡುವುದು ಆ ನಂಬರಿಗೇ ಆದ್ದರಿಂದ, "ನಾನು ಜಾಮೀನುದಾರಳೇ, ಹಾಗಿದ್ದರೆ ನನ್ನ ಸಹಿಯಿರುವ ಪ್ರತಿ ಕಳುಹಿಸಿ" ಎಂದು ಲಿಖಿತವಾಗಿ ಕೇಳುವುದು ಎಲ್ಲರೂ ರೂಢಿಸಿಕೊಳ್ಳಬೇಕಾದ ಕ್ರಮ.

ನಮ್ಮ ಹೆಸರಿನಲ್ಲಿ ಮನೆಯವರು ಪಡೆದ ಸಾಲವನ್ನೂ ಇಲ್ಲೇ ಹೇಳಬೇಕು. ಮಗನ ಪ್ಯಾನ್ ಕಾರ್ಡ್, ಆಧಾರ್ ಪ್ರತಿ ಮನೆಯ ಬೀರುವಿನಲ್ಲೇ ಇರುತ್ತದೆ. ಒಟಿಪಿ ಬಂದಾಗ ಅಪ್ಪ ಫೋನ್ ಮಾಡಿ ಕೇಳಿದರೆ ಮಗ ಹೇಳಿಬಿಡುತ್ತಾನೆ. ಮೊಬೈಲ್ ಕಂತು, ಗಾಡಿ ಕಂತು, ಆ್ಯಪ್ ಸಾಲ ಹೀಗೆಯೇ ಅವನ ಹೆಸರಿಗೆ ಬೀಳುತ್ತವೆ. ಎಲ್ಲರ ಸಾಲದ ದಾಖಲೆಯಿಡುವ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ಸಾಲವರದಿಯನ್ನು ಉಚಿತವಾಗಿ ಕೊಡಬೇಕು. ಈ ವರದಿಯನ್ನು ಒಮ್ಮೆ ತೆಗೆದು ನೋಡಿದರೆ ನಮ್ಮ ಹೆಸರಿನಲ್ಲಿ ಏನಿದೆ ಎಂಬ ಅನುಮಾನ ಬಹುಮಟ್ಟಿಗೆ ಬಗೆಹರಿಯುತ್ತದೆ. ನಮ್ಮ ಖಾತೆಯ ಖಾಲಿ ಚೆಕ್ಕಿಗೆ ಸಹಿ ಹಾಕಿ ಅಪ್ಪನ ಕೈಗೆ ಕೊಡುವುದಂತೂ ಕೂಡದು. ಚೆಕ್ ಬೌನ್ಸ್ ಆದರೆ ನೋಟಿಸು ಬರುವುದು ಖಾತೆದಾರರಿಗೆ. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಕೊಡದಿದ್ದರೆ ಪರಕ್ರಾಮ್ಯ ಪತ್ರಗಳ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ದೂರು ದಾಖಲಾಗಬಹುದು, ಅದಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಅಥವಾ ಎರಡೂ ಇವೆ.

ತಂದೆ ತೀರಿಕೊಂಡ ಮೇಲಿನ ಲೆಕ್ಕ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಮೃತರಿಂದ ವಾರಸುದಾರರ ಕೈಗೆ ಎಷ್ಟು ಆಸ್ತಿ ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಸಾಲ ಕೊಟ್ಟವರು ಕೇಳಬಹುದು. ಎಂಟು ಲಕ್ಷ ಸಾಲವಿದ್ದು ಬಂದ ಆಸ್ತಿ ಐದು ಲಕ್ಷದ್ದಾದರೆ ಉಳಿದ ಮೂರು ಲಕ್ಷಕ್ಕೆ ಮಕ್ಕಳ ಸಂಬಳವನ್ನು ಮುಟ್ಟುವಂತಿಲ್ಲ. ಆದ್ದರಿಂದ ಹನ್ನೊಂದನೇ ದಿನದ ಕಾರ್ಯ ಮುಗಿಯುವ ಮುನ್ನವೇ ಯಾರಾದರೂ ಕಾಗದ ಹಿಡಿದು ಬಂದರೆ, ಸಾಲವನ್ನು ತನ್ನ ಹೆಸರಿಗೆ ಒಪ್ಪಿಕೊಳ್ಳುವ ಪತ್ರಕ್ಕೆ ಆ ದುಃಖದಲ್ಲಿ ಸಹಿ ಹಾಕಬಾರದು. ಅದಕ್ಕೂ ಮೊದಲು, ಸಾಲದ ಜೊತೆ ವಿಮೆಯನ್ನೂ ಸೇರಿಸಿದ್ದರೇ ಎಂದು ಬ್ಯಾಂಕಿನಲ್ಲಿ ಕೇಳಿ ನೋಡಬೇಕು. ಎಷ್ಟೋ ಮನೆಸಾಲಗಳಲ್ಲಿ, ಮೈಕ್ರೋಫೈನಾನ್ಸಿನ ಕಿರುಸಾಲಗಳಲ್ಲಿ ಅಂಥ ವಿಮೆಯ ಕಂತನ್ನು ಮೊದಲೇ ಹಿಡಿದುಕೊಂಡಿರುತ್ತಾರೆ, ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ.

ಒಂದು ನೋಟ್‌ಬುಕ್, ಏಳು ಸಾಲು

ಸಾಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಸಾಲದ ಮೊತ್ತ ತಿಳಿಯದಿರುವುದು. ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ತಿಪಟೂರಿನಲ್ಲಿ ಅಪ್ಪನ ಸಣ್ಣ ಬಟ್ಟೆ ಅಂಗಡಿಯಿದೆ, ಚಿಕ್ಕ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ, ಕೈಗೆ ಬರುವ ಸಂಬಳ 34 ಸಾವಿರ. ದೊಡ್ಡ ಮಗಳ ಮದುವೆ, ನಂತರ ಮನೆಯ ಮೇಲಂತಸ್ತು, ನಂತರ ಕಾರು. ಭಾನುವಾರ ಊಟವಾದ ಮೇಲೆ ಅಪ್ಪನನ್ನೂ ಅಮ್ಮನನ್ನೂ ಕೂರಿಸಿಕೊಂಡು ಮಗಳು ಬರೆಯಲು ಶುರು ಮಾಡುತ್ತಾಳೆ. ಚೀಟಿಗಳಿರುವ ಸ್ಟೀಲ್ ಡಬ್ಬ, ತಾರೀಕುಗಳ ಸುತ್ತ ಪೆನ್ನಿನಿಂದ ಗುಂಡಗೆ ಗುರುತು ಹಾಕಿದ ಗೋಡೆ ಕ್ಯಾಲೆಂಡರ್, ಅಪ್ಪನ ಅಂಗಿಯ ಜೇಬಿನ ಪುಟ್ಟ ಡೈರಿ ಎಲ್ಲವೂ ಚಾಪೆಯ ಮೇಲೆ ಬರುತ್ತವೆ.

ಬ್ಯಾಂಕಿನ ವೈಯಕ್ತಿಕ ಸಾಲದಲ್ಲಿ ಉಳಿದಿರುವುದು 2,80,000, ವರ್ಷಕ್ಕೆ ಶೇ. 14 ಬಡ್ಡಿ, ಕಂತು 9,600. ಕ್ರೆಡಿಟ್ ಕಾರ್ಡಿನಲ್ಲಿ 85,000, ತಿಂಗಳಿಗೆ ಶೇ. 3.5, ಕನಿಷ್ಠ ಕಟ್ಟಬೇಕಾದದ್ದು 4,250. ಅತ್ತೆಯ ಮನೆಯವರಿಂದ ತಂದ ಕೈಸಾಲ 1,50,000, ನೂರಕ್ಕೆ ಎರಡು ರೂಪಾಯಿ, ತಿಂಗಳ ಬಡ್ಡಿ 3,000. ಪೇಟೆಯ ಫೈನಾನ್ಸಿನವರದು 60,000, ನೂರಕ್ಕೆ ಐದು, ಬಡ್ಡಿ 3,000. ಅಮ್ಮನ ಸರ ಮತ್ತು ಎರಡು ಬಳೆ ಗಿರವಿಯಿಟ್ಟು ತಂದ 1,20,000ಕ್ಕೆ ತಿಂಗಳಿಗೆ ಸಾವಿರ. ಅಮ್ಮನ ಸಂಘದ ಸಾಲ 50,000, ವಾರಕ್ಕೆ 700ರಂತೆ ತಿಂಗಳಿಗೆ 2,800. ಕೊನೆಯದಾಗಿ ಎರಡು ಲಕ್ಷದ ಚೀಟಿ. ಅದನ್ನು ಒಂಬತ್ತನೆಯ ತಿಂಗಳೇ ಕೂಗಿ ಎತ್ತಿಯಾಗಿದೆ, ತಿಂಗಳಿಗೆ ಹತ್ತು ಸಾವಿರದಂತೆ ಇನ್ನೂ 11 ತಿಂಗಳು ಕಟ್ಟಬೇಕು. ಚೀಟಿಯನ್ನು ಅಪ್ಪ ಸಾಲವೆಂದು ಹೇಳಿಯೇ ಇರಲಿಲ್ಲ, ಉಳಿತಾಯ ಎಂದುಕೊಂಡಿದ್ದರು. ಎತ್ತಿದ ಮೇಲೆ ಉಳಿದ ಕಂತುಗಳು ಸಾಲವೇ.

ಒಟ್ಟು 8,55,000. ತಿಂಗಳಿಗೆ ಕಟ್ಟಬೇಕಾದದ್ದು 33,650, ಅಂದರೆ ಮಗಳ ಸಂಬಳಕ್ಕೆ ಹೆಚ್ಚುಕಡಿಮೆ ಸಮ. "ಎಲ್ಲಾ ನಾನೇ ಕಟ್ಟಿಬಿಡ್ತೀನಿ" ಎಂದು ಹೊರಟರೆ ಅವಳ ಪಿಜಿ ಬಾಡಿಗೆಗೂ ಉಳಿಯುವುದಿಲ್ಲ. ಬಡ್ಡಿಯನ್ನಷ್ಟೇ ನುಂಗುವ ಸಾಲಗಳಿಗೆ, ಅಂದರೆ ಅತ್ತೆಮನೆಯ ಕೈಸಾಲ, ಫೈನಾನ್ಸು ಮತ್ತು ಗಿರವಿಗೆ, ತಿಂಗಳಿಗೆ ಏಳು ಸಾವಿರ ಹೋಗುತ್ತಿದ್ದರೂ ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯುತ್ತಿಲ್ಲ.

ಇಲ್ಲಿ ಬಡ್ಡಿಯ ಭಾಷೆಯನ್ನು ಒಂದೇ ಅಳತೆಗೆ ತರಬೇಕು. ನೂರಕ್ಕೆ ಐದು ಎಂದಾಗ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ, ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ. 60. ಕಾರ್ಡಿನದು ಶೇ. 42, ಕೈಸಾಲದ್ದು 24, ಬ್ಯಾಂಕಿನದು 14, ಗಿರವಿಯದು 10. ಕಾರ್ಡಿನ ಕನಿಷ್ಠ ಮೊತ್ತವೆಂಬುದು ಇನ್ನೂ ಮೋಸದ ಸಮಾಧಾನ: 85,000ಕ್ಕೆ ಒಂದು ತಿಂಗಳ ಬಡ್ಡಿ 2,975, ಅದರ ಮೇಲೆ ಶೇ. 18 ಜಿಎಸ್‌ಟಿ 535 ರೂಪಾಯಿ, ಹೀಗಾಗಿ 4,250 ಕಟ್ಟಿದರೆ ಅಸಲಿಗೆ ಹೋಗುವುದು 740 ರೂಪಾಯಿ ಮಾತ್ರ. ಅಸಲು ಇಳಿದರೂ ಬಡ್ಡಿಯನ್ನು ಮೂಲ ಮೊತ್ತದ ಮೇಲೆಯೇ ಹಾಕುವ 'ಫ್ಲ್ಯಾಟ್' ದರವೂ ಹೀಗೆಯೇ ಕಣ್ಣಿಗೆ ಮಣ್ಣೆರಚುತ್ತದೆ. ಒಂದು ಲಕ್ಷಕ್ಕೆ ಫ್ಲ್ಯಾಟ್ ಶೇ. 12ರಂತೆ ಎರಡು ವರ್ಷಕ್ಕೆ ಒಟ್ಟು 1,24,000 ಕಟ್ಟಿದರೆ, ಇಳಿಯುವ ಅಸಲಿನ ಲೆಕ್ಕದಲ್ಲಿ ಅದು ಸುಮಾರು ಶೇ. 21.5 ಬಡ್ಡಿಗೆ ಸಮ.

ಮನೆಯವರು ಸಾಮಾನ್ಯವಾಗಿ ಮೊದಲು ತೀರಿಸುವುದು ಯಾರು ಜೋರಾಗಿ ಕೇಳುತ್ತಾರೋ ಅವರ ಸಾಲವನ್ನು. ಅತ್ತೆಮನೆಯವರು ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಕೇಳಿಬಿಟ್ಟರೆ ಎಂಬ ಅಂಜಿಕೆಯಲ್ಲಿ ಅವರಿಗೆ ಮೊದಲು ಕೊಡುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ: ಮೊದಲು ಹೋಗಬೇಕಾದದ್ದು ಐದು ರೂಪಾಯಿ ಬಡ್ಡಿಯ ಸಾಲ, ಆಮೇಲೆ ಕಾರ್ಡು. ಗಿರವಿಯ ಬಂಗಾರಕ್ಕೆ ಈ ಹೊತ್ತಿನ ಬೆಲೆ ಎರಡು ಲಕ್ಷ ಎಂದಿಟ್ಟುಕೊಳ್ಳಿ. ಬಿಡಿಸಿ ಮಾರಿದರೆ 80,000 ಕೈಗೆ ಉಳಿಯುತ್ತದೆ. ಅದರಲ್ಲಿ ಫೈನಾನ್ಸಿನ 60,000 ತೀರಿ, 20,000 ಕಾರ್ಡಿಗೆ ಹೋದರೆ, ಅಲ್ಲಿಗೇ ತಿಂಗಳ ಹೊರೆಯಲ್ಲಿ ನಾಲ್ಕೈದು ಸಾವಿರ ಇಳಿಯುತ್ತದೆ.

ಆದರೆ ಆ ಸರ ಅಮ್ಮನ ತವರಿನದು. ಅದು ಮತ್ತೆ ಕೊರಳಿಗೆ ಬರುತ್ತದೆಂಬ ಆಸೆಯಲ್ಲೇ ಅವಳು ತಿಂಗಳ ಸಾವಿರವನ್ನು ಹೇಗೋ ಹೊಂದಿಸುತ್ತಾ ಬಂದಿದ್ದಾಳೆ. ಈ ಮಾತನ್ನು ಅಪ್ಪ ಎತ್ತಬಾರದು, ಮಗಳು ಆಜ್ಞೆಯಂತೆ ಹೇಳಲೂಬಾರದು. ಅಮ್ಮನ ಎದುರಿಗೆ ಲೆಕ್ಕವನ್ನಿಟ್ಟು, "ಅಮ್ಮ, ಇದು ನಿನ್ನ ಒಡವೆ, ನೀನು ಬೇಡ ಅಂದ್ರೆ ಬೇಡ, ಬೇರೆ ದಾರಿ ನೋಡೋಣ" ಎಂದು ನಿಜವಾಗಿ ಆ ಮಾತಿನಂತೆಯೇ ನಡೆದುಕೊಳ್ಳಬೇಕು. ಬಂಗಾರ ಮಾರಲು ಮನಸ್ಸಿಲ್ಲದಿದ್ದರೆ ಕಾರು ಮಾರಬಹುದು. ನನ್ನ ಅಭಿಪ್ರಾಯದಲ್ಲಿ ಮೊದಲು ಹೋಗಬೇಕಾದದ್ದೂ ಅದೇ. ಗಿರವಿಯ ಕಂತೂ ಕಟ್ಟದೆ, ಬಂಗಾರವನ್ನು ಬಿಡಿಸಿಯೂ ಕೊಳ್ಳದೆ ಕಣ್ಣು ಮುಚ್ಚಿ ಕೂತರೆ ನೋಟಿಸು ಕೊಟ್ಟು ಹರಾಜು ಹಾಕುತ್ತಾರೆ, ಆಗ ಬೆಲೆ ನಮ್ಮ ಕೈಯಲ್ಲಿರುವುದಿಲ್ಲ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದ ಹಣ ಸಾಲಗಾರರಿಗೆ ವಾಪಸು ಬರಬೇಕೆಂಬುದನ್ನು ಮರೆಯಬಾರದು.

ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಅಂಕಣ ಬೇಕು: ಪ್ರತಿ ಸಾಲಕ್ಕೂ ಯಾರ ಸಹಿ, ಏನು ಅಡಮಾನ, ಖಾಲಿ ಚೆಕ್ಕು ಅಥವಾ ಪ್ರೋನೋಟು ಯಾರ ಬಳಿಯಿದೆ. ಸಾಲ ತೀರಿದ ದಿನ ಆ ಕಾಗದ ವಾಪಸು ಬಂದರೆ ಮಾತ್ರ ಆ ಸಾಲಿನ ಮೇಲೆ ಗೀಟು ಎಳೆಯಬೇಕು.

ಖರ್ಚು ಎಲ್ಲಿಂದ ಬರುತ್ತದೆ

ಅಪ್ಪ ದುಂದುಗಾರ ಎಂದು ಹೇಳುವುದು ಸುಲಭ. ಎಷ್ಟೋ ಮನೆಗಳಲ್ಲಿ ಆ ಮಾತು ಪೂರ್ತಿ ನಿಜವಲ್ಲ. ನಮ್ಮ ಕಡೆಯ ಮುಯ್ಯಿಯನ್ನೇ ನೋಡಿ. ನಮ್ಮ ಮದುವೆಗೆ ಬಂದವರು ಎಷ್ಟು ಹಾಕಿದರೆಂದು ಮದುವೆಮನೆಯ ಮೂಲೆಯಲ್ಲಿ ಒಬ್ಬರು ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರ ಮನೆಯ ಶುಭಕಾರ್ಯಕ್ಕೆ ನಾವು ಅದಕ್ಕಿಂತ ಒಂದು ಕೈ ಹೆಚ್ಚಾಗಿ ಹಿಂದಿರುಗಿಸಬೇಕು. ಇದು ಬಡ್ಡಿಯ ಹೆಸರಿಲ್ಲದ ಸಾಲ, ಒಂದು ಕಾಲಕ್ಕೆ ಬಡವರ ಮದುವೆ ನಡೆಸಿದ ಒಳ್ಳೆಯ ವ್ಯವಸ್ಥೆಯೂ ಹೌದು. ಅಂಗಡಿಯ ವ್ಯಾಪಾರ ಇಳಿದ ವರ್ಷವೂ ಪುಸ್ತಕದ ಹೆಸರುಗಳು ಇಳಿಯುವುದಿಲ್ಲ. ಬೀಗರ ಊಟ, ಸೀಮಂತ, ನಾಮಕರಣ, ಗೃಹಪ್ರವೇಶ ಒಂದರ ಹಿಂದೆ ಒಂದು ಬರುತ್ತವೆ. ಕೈಚಾಚಿ ಕೊಟ್ಟವನೆಂಬ ಹೆಸರನ್ನು ಮೂವತ್ತು ವರ್ಷ ಉಳಿಸಿಕೊಂಡು ಬಂದ ಮನುಷ್ಯನಿಗೆ ಈ ಸಲ ಐನೂರು ಸಾಕು ಎನ್ನುವುದು ಸಾಲ ಮಾಡುವುದಕ್ಕಿಂತ ಕಷ್ಟವಾಗಿ ಕಾಣುತ್ತದೆ. ಇಂಥವರಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಉಪದೇಶ ಮಾಡಿ ಪ್ರಯೋಜನವಿಲ್ಲ, ಗಾದೆ ಅವರಿಗೂ ಗೊತ್ತು. ವರ್ಷದಲ್ಲಿ ಯಾವ ಯಾವ ಕಾರ್ಯಗಳಿವೆ ಎಂದು ಮೊದಲೇ ಬರೆದು, ಎಲ್ಲಕ್ಕೂ ಸೇರಿ ಒಂದು ಮೊತ್ತವನ್ನು ನಿಗದಿ ಮಾಡಿ, ಕೆಲವು ಕಡೆಗೆ ಅಪ್ಪನ ಬದಲು ಮಗಳೇ ಹೋಗಿ ಬಂದರೆ ಅವರ ಮುಖವೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ.

ಕುಡಿತ ಮತ್ತು ಮೊಬೈಲಿನ ಹಣದ ಆಟಗಳ ವಿಚಾರ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ 2025ರ ಆಗಸ್ಟಿನಲ್ಲಿ ಬಂದಿದೆ. ಕಾಯ್ದೆ ಬಂದರೂ ಚಟ ಒಂದೇ ದಿನ ಬಿಡುವುದಿಲ್ಲ, ಹಳೆಯ ಸಾಲವೂ ಹೋಗುವುದಿಲ್ಲ. ಚಟಕ್ಕೆ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ, ತಂತ್ರಜ್ಞಾನದ ಗೀಳಿಗಾಗಿಯೇ 2014ರಲ್ಲಿ ಶುರುವಾದ 'ಶಟ್' ಕ್ಲಿನಿಕ್ ಇದೆ.

ಇನ್ನೊಂದು ಸಾಧ್ಯತೆಯನ್ನು ಜನ ಗುರುತಿಸುವುದೇ ಕಡಿಮೆ. ಇಷ್ಟು ವರ್ಷ ಹಿಡಿತದಲ್ಲಿದ್ದ ಅಪ್ಪನೋ ಅಮ್ಮನೋ ಕೆಲವೇ ವಾರಗಳಲ್ಲಿ ನಿದ್ದೆ ಬಿಟ್ಟು, ಮಾತು ಹೆಚ್ಚಾಗಿ, ದೊಡ್ಡ ದೊಡ್ಡ ಯೋಜನೆ ಹೇಳುತ್ತಾ, ಸಿಕ್ಕವರಿಗೆಲ್ಲ ಹಣ ಕೊಡುತ್ತಾ, ಬೇಡದ್ದನ್ನು ಕೊಳ್ಳುತ್ತಾ ಹೋದರೆ ಅದು ಬೈಪೋಲಾರ್ ಕಾಯಿಲೆಯ ಉನ್ಮಾದ ಹಂತವಿರಬಹುದು. ಐವತ್ತು ದಾಟಿದವರಲ್ಲಿ ಸ್ವಭಾವವೇ ಬದಲಾಗಿ ಹಣದ ವಿವೇಚನೆ ತಪ್ಪುವುದು ಒಂದು ಬಗೆಯ ಮರೆವಿನ ಕಾಯಿಲೆಯ ಆರಂಭವಾಗಿರಲೂಬಹುದು. ಇವನ್ನು ಜಗಳದಿಂದ ಸರಿಪಡಿಸಲಾಗದು, ಮನೋವೈದ್ಯರಿಗೆ ತೋರಿಸಬೇಕು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಲದಲ್ಲಿ ಸಿಲುಕಿದ ಅಪ್ಪ "ನಾನು ಇದ್ದು ಏನು ಪ್ರಯೋಜನ" ಎಂಬಂಥ ಮಾತಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಅವರನ್ನು ಒಬ್ಬರೇ ಬಿಡದೆ, ಆ ದಿನವೇ ಈ ನಂಬರಿಗೆ ಕರೆ ಮಾಡಿ. ಆ ದಿನ ಸಾಲದ ಲೆಕ್ಕ ಬದಿಗಿರಲಿ.

ಬಾಗಿಲಿಗೆ ಬಂದವರು

ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ. ಮೋಸದ ಉದ್ದೇಶ ಅಥವಾ ಬೌನ್ಸ್ ಆದ ಚೆಕ್ಕು ಇಲ್ಲದಿದ್ದರೆ ಅದು ಸಿವಿಲ್ ವ್ಯಾಜ್ಯ, ಪೊಲೀಸರು ಹಿಡಿದುಕೊಂಡು ಹೋಗುವ ಸಂಗತಿಯಲ್ಲ. ಹಣದ ಡಿಕ್ರಿಗಾಗಿ, ಅಂದರೆ ಹಣ ಕಟ್ಟಬೇಕೆಂಬ ನ್ಯಾಯಾಲಯದ ತೀರ್ಪಿಗಾಗಿ, ಮಹಿಳೆಯನ್ನು ಬಂಧಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮು ನೇರವಾಗಿಯೇ ಹೇಳುತ್ತದೆ. "ನಿಮ್ಮಮ್ಮನ ಮೇಲೆ ವಾರೆಂಟ್ ಆಗಿದೆ" ಎಂದು ಫೋನಿನಲ್ಲಿ ಹೆದರಿಸುವವರ ಮುಂದೆ ಇದು ನೆನಪಿರಬೇಕು.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಸೂಚಿಸಿದೆ. ಕಿರುಸಾಲದ ವಿಚಾರದಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ ಅವಕಾಶ. ಸಾಲಗಾರರ ಮನೆಯವರನ್ನು, ಸ್ನೇಹಿತರನ್ನು, ರೆಫರೆನ್ಸ್ ಕೊಟ್ಟವರನ್ನು ಅವಮಾನಿಸುವುದು, ಬೆದರಿಸುವುದು ಕೂಡದು. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳಿಗೆ ಕೈಹಾಕುವಂತಿಲ್ಲ. ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆ ಇದನ್ನು ಮೀರಿದರೆ ಮೊದಲು ಅವರಿಗೇ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ವಿಚಾರಿಸಲು 14448 ಸಂಖ್ಯೆಯಿದೆ.

ಕಿರುಸಾಲದ ವಸೂಲಿಯ ಕಿರುಕುಳಕ್ಕೆ ಬೇಸತ್ತು ಜನ ಊರು ಬಿಟ್ಟ ಸುದ್ದಿಗಳ ನಂತರ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಮುಂದಿನ ತಿಂಗಳು ವಿಧಾನಮಂಡಲ ಅದನ್ನು ಕಾಯ್ದೆಯಾಗಿ ಅಂಗೀಕರಿಸಿತು. ಸಾಲಗಾರರನ್ನು ಅಥವಾ ಅವರ ಕುಟುಂಬದವರನ್ನು ಬಲವಂತ, ಹಿಂಸೆ, ಅವಮಾನಕ್ಕೆ ಗುರಿಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಮೀಟರ್ ಬಡ್ಡಿಯವರಿಗೆ ಇದರ ಜೊತೆಗೆ ರಾಜ್ಯದ 1961ರ ಲೇವಾದೇವಿಗಾರರ ಕಾಯ್ದೆಯೂ, ವಿಪರೀತ ಬಡ್ಡಿ ವಸೂಲಿಯನ್ನು ನಿಷೇಧಿಸುವ 2004ರ ಕಾಯ್ದೆಯೂ ಅನ್ವಯಿಸುತ್ತವೆ. ದೂರು ಕೊಡುವ ಧೈರ್ಯ ಒಬ್ಬರಿಗೇ ಬರುವುದು ಕಷ್ಟ. ಆದ್ದರಿಂದ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಮೊದಲು ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಬ್ಯಾಂಕಿನ ಸಾಲವನ್ನು ಬಡ್ಡಿ ಕಡಿತದೊಂದಿಗೆ ಇತ್ಯರ್ಥ ಮಾಡಿಕೊಳ್ಳಲು ಲೋಕ ಅದಾಲತ್ ಒಳ್ಳೆಯ ಜಾಗ. ಅಲ್ಲಿ ಒಪ್ಪಿಕೊಂಡದ್ದರ ಮೇಲೆ ಅಪೀಲು ಇಲ್ಲವಾದ್ದರಿಂದ, ಕಟ್ಟಲು ಸಾಧ್ಯವಾಗುವ ಮೊತ್ತಕ್ಕೇ ಒಪ್ಪಬೇಕು.

ಮನೆಯನ್ನೇ ಅಡವಿಟ್ಟಿದ್ದರೆ ಮಾತ್ರ ಕಾಯುವ ಹಾಗಿಲ್ಲ. 90 ದಿನ ಬಾಕಿ ನಿಂತರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದು ದಾಖಲಾಗುತ್ತದೆ. ಆಮೇಲೆ ಅಡಮಾನದ ಆಸ್ತಿಯಿಂದ ಬಾಕಿ ವಸೂಲಿ ಮಾಡುವ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ಮೊಕದ್ದಮೆ ಹೂಡದೆಯೇ ಮನೆಯ ಸ್ವಾಧೀನಕ್ಕೆ ಮುಂದಾಗಬಹುದು. ಆ ಅರವತ್ತು ದಿನ ಮಾತುಕತೆಗೆ ಇರುವ ಸಮಯ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಎಷ್ಟು ಕೊಡಬೇಕು, ಹೇಗೆ ಹೇಳಬೇಕು

ಕಾನೂನಿನ ಹೊಣೆಯಿಲ್ಲ ಎಂದ ಮಾತ್ರಕ್ಕೆ ಯಾರೂ ಅಪ್ಪನನ್ನು ಬೀದಿಯಲ್ಲಿ ಬಿಟ್ಟು ಬರುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಕೊಡುವುದಾದರೆ ತಿಂಗಳಿಗೆ ಇಷ್ಟೇ ಎಂದು ಮೊದಲೇ ನಿರ್ಧರಿಸಿ, ಅಷ್ಟನ್ನು ಮಾತ್ರ ಕೊಡುವುದು ಒಳ್ಳೆಯದು. ನಮ್ಮ ಬಾಡಿಗೆ, ಊಟ, ಓಡಾಟ, ಆರೋಗ್ಯ ವಿಮೆ ಮತ್ತು ಮೂರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯಕ್ಕೆ ಎತ್ತಿಟ್ಟ ಮೇಲೆ ಉಳಿದದ್ದರಿಂದ ಆ ಮೊತ್ತ ಬರಬೇಕು. ತಿಪಟೂರಿನ ಮಗಳ ಲೆಕ್ಕದಲ್ಲಿ ಅದು ಎಂಟು ಸಾವಿರವಾಗಬಹುದು. ಹಣವನ್ನು ಅಪ್ಪನ ಖಾತೆಗೆ ಹಾಕುವ ಬದಲು ನೇರವಾಗಿ ಸಾಲದ ಖಾತೆಗೆ, ಅಮ್ಮನ ಔಷಧದ ಅಂಗಡಿಗೆ, ಕರೆಂಟ್ ಬಿಲ್ಲಿಗೆ ಕಟ್ಟಿದರೆ ಅದು ಬೇರೆ ಕಡೆ ಹರಿದುಹೋಗುವುದಿಲ್ಲ.

ಎಲ್ಲ ಸಾಲವನ್ನೂ ಒಂದೇ ಏಟಿಗೆ ತೀರಿಸಲು ಮಗಳು ತನ್ನ ಹೆಸರಿನಲ್ಲಿ ದೊಡ್ಡ ವೈಯಕ್ತಿಕ ಸಾಲ ಪಡೆಯುವುದನ್ನು ನಾನು ಖಂಡಿತ ಬೇಡವೆನ್ನುತ್ತೇನೆ. ಬಡ್ಡಿ ಕಡಿಮೆಯಾಗುತ್ತದೆಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ. ಆದರೆ ಕಾನೂನಿನ ಹೊಣೆಯೇ ಇರದಿದ್ದ ಸಾಲ ಆ ಗಳಿಗೆಯಿಂದ ಅವಳ ಸ್ವಂತದ್ದಾಗುತ್ತದೆ, ಅಪ್ಪನ ಕಾರ್ಡು ಖಾಲಿಯಾಗಿ ಮತ್ತೆ ಉಜ್ಜಲು ಸಿದ್ಧವಾಗುತ್ತದೆ, ಕೈಸಾಲ ಕೊಟ್ಟವರಿಗೆ ಈ ಮನೆ ತೀರಿಸುತ್ತದೆ ಎಂಬ ನಂಬಿಕೆ ಬಂದು ಮತ್ತೆ ಕೊಡುತ್ತಾರೆ. ಅಂಥ ಸಹಾಯ ಮಾಡಲೇಬೇಕೆಂದಿದ್ದರೆ ಕಾರ್ಡನ್ನು ಮುಚ್ಚಿಸಿದ ಪತ್ರ ಕೈಗೆ ಬಂದ ಮೇಲೆ ಮಾಡಬೇಕು.

ಮಾತಾಡುವ ರೀತಿಗೂ ಬೆಲೆಯಿದೆ. "ಯಾಕೆ ಇಷ್ಟು ಸಾಲ ಮಾಡಿದ್ರಿ?" ಎಂಬ ಪ್ರಶ್ನೆಗೆ ಉತ್ತರವಿಲ್ಲ, ಅದಕ್ಕೆ ಬರುವುದು ಸಿಟ್ಟು ಅಥವಾ ಸುಳ್ಳು. "ಅಪ್ಪ, ಈ ತಿಂಗಳು ಯಾವ ತಾರೀಕಿಗೆ ಯಾರಿಗೆ ಕೊಡಬೇಕು, ಒಟ್ಟಿಗೆ ಕೂತು ಬರೆಯೋಣ, ನೀವು ಹೇಳಿ" ಎಂದರೆ ಡೈರಿ ಜೇಬಿನಿಂದ ಹೊರಬರುತ್ತದೆ. ಸಹಿ ಕೇಳಿದಾಗ ಹೇಳಬೇಕಾದ ಮಾತನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು: "ನಿಮಗೆ ಊಟಕ್ಕೆ, ಔಷಧಿಗೆ ನಾನು ಇದ್ದೀನಿ ಅಪ್ಪ. ಸಾಲದ ಪತ್ರಕ್ಕೆ ಸೈನ್ ಮಾತ್ರ ಹಾಕಲ್ಲ." ಇದನ್ನು ಕೇಳಿ ಅಪ್ಪ ಎರಡು ವಾರ ಫೋನ್ ಮಾಡದಿರಬಹುದು, ಅಮ್ಮ ಅಳಬಹುದು, ಚಿಕ್ಕಪ್ಪ ಕರೆ ಮಾಡಿ, "ಓದಿಸಿ ಬೆಳೆಸಿದ್ದಕ್ಕೆ ಇದೇನಾ?" ಎನ್ನಬಹುದು. ಆಗ ವಾದಕ್ಕಿಳಿಯದೆ ಒಂದನೇ ತಾರೀಕಿಗೆ ಎಂಟು ಸಾವಿರ ತಪ್ಪದೆ ಕಟ್ಟುತ್ತಾ ಹೋಗುವುದೇ ಉತ್ತರ. ಒಡಹುಟ್ಟಿದವರಿದ್ದರೆ ನೋಟ್‌ಬುಕ್ಕಿನ ಫೋಟೊ ಎಲ್ಲರ ಬಳಿಯೂ ಇರಲಿ. ಒಬ್ಬರಿಂದ ಇಲ್ಲವೆನಿಸಿಕೊಂಡ ಸಾಲ ಇನ್ನೊಬ್ಬರ ಹೆಸರಿಗೆ ಹೋಗುವುದು ಹೀಗೆ ತಪ್ಪುತ್ತದೆ. ಮದುವೆ ನಿಶ್ಚಯವಾಗುತ್ತಿರುವವರು ಬಾಳಸಂಗಾತಿಯಾಗುವವರಿಗೂ ಈ ಪುಟವನ್ನು ತೋರಿಸುವುದು ಮೇಲು. ಆಮೇಲೆ ತಿಳಿದರೆ ಮೊತ್ತಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು ನೋಯಿಸುತ್ತದೆ.

ತಿಪಟೂರಿನ ಆ ಮನೆಯಲ್ಲಿ 11 ತಿಂಗಳಿಗೆ ಚೀಟಿ ಮುಗಿಯುತ್ತದೆ. ಅಂದು ಬಿಡುವಾದ ಹತ್ತು ಸಾವಿರ ಅದೇ ತಿಂಗಳು ಕಾರ್ಡಿಗೆ ಹೋಗಬೇಕೆಂದು ನೋಟ್‌ಬುಕ್ಕಿನಲ್ಲಿ ಈಗಲೇ ಬರೆದಿಟ್ಟಿರಬೇಕು, ಇಲ್ಲದಿದ್ದರೆ ಹೊಸ ಚೀಟಿಗೆ ಹೋಗುತ್ತದೆ. ನಡುವೆ ಎಲ್ಲೋ ಒಂದು ದಿನ ಅಪ್ಪ ಮತ್ತೆ ಯಾರಿಂದಲೋ ಹದಿನೈದು ಸಾವಿರ ಕೈಸಾಲ ತಂದಿರುತ್ತಾರೆ, ಯುಗಾದಿಗೆ ಊರಿಗೆ ಹೋದಾಗ ಅದು ತಿಳಿಯುತ್ತದೆ. ಆ ರಾತ್ರಿ ಕೂಗಾಡಿ ಬಂದ ದಾರಿಯನ್ನೆಲ್ಲ ಕೆಡಿಸಿಕೊಳ್ಳಬೇಕಿಲ್ಲ. ಮರುದಿನ ಬೆಳಿಗ್ಗೆ ನೋಟ್‌ಬುಕ್ ತೆಗೆದು, ಅಪ್ಪನ ಕೈಯಿಂದಲೇ ಎಂಟನೆಯ ಸಾಲನ್ನು ಬರೆಸಬೇಕು: ಯಾರದು, ಎಷ್ಟು, ಬಡ್ಡಿ ಏನು, ಯಾರ ಸಹಿ. ಮಗಳು ಕಟ್ಟುವ ಎಂಟು ಸಾವಿರ ಎಂಟು ಸಾವಿರವಾಗಿಯೇ ಇರುತ್ತದೆ. ಆ ಹದಿನೈದು ಸಾವಿರವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಯಾವ ತಿಂಗಳು ಎಷ್ಟೆಷ್ಟು ಕೊಡುತ್ತೇನೆಂಬುದನ್ನು ಅಪ್ಪನೇ ಅದರ ಪಕ್ಕದಲ್ಲಿ ಬರೆಯಲಿ.